ಪಾಲಿಮರ್ ಸೀಲಂಟ್, ಆರು ತಿಂಗಳ ನಂತರ: ಹೊಳಪಿಗೆ ಪೂರ್ತಿ ಅಂಕ, ಹನಿಗಳ ಬಗ್ಗೆ ತಕರಾರು

ಕಾರಿನ ಪೇಂಟ್ ಕಾಪಾಡಲು ತೆಳುವಾಗಿ ಹಚ್ಚುವ ದ್ರವವೇ ಸೀಲಂಟ್. ಅದನ್ನು ಹಚ್ಚಿ ಒಂದು ದಿನ ಬಿಟ್ಟು ಬಾನೆಟ್ ಮೇಲೆ ನೀರು ಹಾಯಿಸಿದರೆ ಕೆಸುವಿನೆಲೆಯ ಮೇಲಿದ್ದ ಹಾಗೆ ಹನಿಗಳು ಗುಂಡಗೆ ನಿಲ್ಲುತ್ತವೆ. ಈ ಬಗೆಯ ಬಾಟಲಿಗಳು ಮಾರಾಟವಾಗುವುದೇ ಆ ಚಿತ್ರದ ಬಲದಿಂದ. ಆರು ತಿಂಗಳು ಬಳಸಿದ ಮೇಲೆ ನನ್ನ ದೊಡ್ಡ ದೂರು ಇರುವುದೂ ಅದೇ ಹನಿಗಳ ಮೇಲೆ. ಆದರೆ ಮೊದಲು ಒಳ್ಳೆಯದನ್ನು ಹೇಳಿಬಿಡಬೇಕು.

ತೊಳೆದ ಮೇಲೆ ಒರೆಸುವ ಕೆಲಸ ತುಂಬಾ ಹಗುರವಾಗಿದೆ. ಶಾಂಪೂ ಹೋದ ನಂತರ ಪೈಪಿನ ತುದಿಯ ನಳಿಕೆ ಕಳಚಿ, ಒತ್ತಡವಿಲ್ಲದ ನೀರನ್ನು ರೂಫ್‌ನಿಂದ ಕೆಳಕ್ಕೆ ನಿಧಾನವಾಗಿ ಹರಿಸಬೇಕು. ಹರಿಯುವ ನೀರು ನಿಂತ ಹನಿಗಳನ್ನು ಜೊತೆಗೇ ಎಳೆದುಕೊಂಡು ಇಳಿಯುತ್ತದೆ. ಬಾಗಿಲುಗಳ ಮೇಲೆ ಒರೆಸಲು ಹೆಚ್ಚೇನೂ ಉಳಿಯುವುದಿಲ್ಲ. ಉಳಿದದ್ದಕ್ಕೆ ಒಂದು ದಪ್ಪ ಮೈಕ್ರೋಫೈಬರ್ ಟವೆಲ್ ಸಾಕು. ಅದನ್ನು ಅಗಲಕ್ಕೆ ಹಾಸಿ ಮೆಲ್ಲಗೆ ಎಳೆಯಬೇಕು, ಉಜ್ಜಬಾರದು. ಉಜ್ಜುವುದು ಕಡಿಮೆಯಾದಷ್ಟೂ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮೇಲೆ ಜೇಡರ ಬಲೆಯಂಥ ಗೀರುಗಳು ಕಡಿಮೆ. ಹೊಳಪಿಗಿಂತ ಈ ಲಾಭವೇ ದೊಡ್ಡದು.

ಹಚ್ಚುವುದು ಸುಲಭ, ಕಷ್ಟವೆಲ್ಲ ಸಿದ್ಧತೆಯಲ್ಲಿದೆ. ಮೊದಲು ತೊಳೆಯಿರಿ. ಆಮೇಲೆ ಐರನ್ ರಿಮೂವರ್ ಸಿಂಪಡಿಸಿ 3-4 ನಿಮಿಷ ಬಿಡಿ. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಕಣಗಳಿರುವ ಕಡೆ ಅದು ನೇರಳೆಗೆ ತಿರುಗುತ್ತದೆ. ಒಣಗುವ ಮುಂಚೆಯೇ ತೊಳೆಯಿರಿ. ಬಳಿಕ ಧಾರಾಳ ಲೂಬ್ರಿಕಂಟ್ ಹಾಕಿ ಕ್ಲೇ ಬಾರ್, ಅಂದರೆ ಪೇಂಟ್‌ಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆಯ ತುಂಡು, ಓಡಿಸಿ. ಕ್ಲೇ ಸಣ್ಣ ಮಸುಕು ಬಿಟ್ಟರೆ ಹಗುರ ಪಾಲಿಶ್ ಬೇಕೇ ಬೇಕು, ಏಕೆಂದರೆ ಸೀಲಂಟ್ ಗೀರು ಮುಚ್ಚುವುದಿಲ್ಲ. ಪಾಲಿಶ್ ಮಾಡಿದ ಮೇಲೆ ಅದರ ಎಣ್ಣೆ ಪೇಂಟ್ ಮೇಲೆ ಉಳಿದಿರುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ, ಅಂದರೆ 15 ಶೇಕಡಾದಷ್ಟು ಇದ್ದರೆ ಸಾಕು, ಅದನ್ನು ಒರೆಸಿ ತೆಗೆಯದಿದ್ದರೆ ಸೀಲಂಟ್ ಎಣ್ಣೆಯ ಮೇಲೆ ಕೂರುತ್ತದೆಯೇ ಹೊರತು ಪೇಂಟ್‌ಗೆ ಕಚ್ಚುವುದಿಲ್ಲ. “ಎರಡೇ ವಾರದಲ್ಲಿ ಹೋಯಿತು” ಎನ್ನುವ ದೂರುಗಳ ಹಿಂದೆ ಹೆಚ್ಚಾಗಿ ಇದೇ ಕಾರಣವಿರುತ್ತದೆ.

ಪ್ಯಾನೆಲ್ ಕೈಗೆ ತಣ್ಣಗಿರಬೇಕು, ನೆರಳಿರಬೇಕು. ಫೋಮ್ ಪ್ಯಾಡ್‌ಗೆ ಮೂರು-ನಾಲ್ಕು ಹನಿ ಹಾಕಿ, ಅಡ್ಡ ಒಮ್ಮೆ ಉದ್ದ ಒಮ್ಮೆ ತೆಳುವಾಗಿ ಹರಡಿ. ಸಾಧಾರಣ ಗಾತ್ರದ ಕಾರಿಗೆ 30-40 ಮಿಲಿ ಸಾಕು. ಹೆಚ್ಚು ಹಚ್ಚಿದರೆ ರಕ್ಷಣೆಯೇನೂ ಹೆಚ್ಚುವುದಿಲ್ಲ, ಒರೆಸಿ ತೆಗೆಯಲು ಒದ್ದಾಡಬೇಕಾಗುತ್ತದೆ. 20 ನಿಮಿಷ ಬಿಟ್ಟು ಬೆರಳಿನಿಂದ ಒಂದು ಗೆರೆ ಎಳೆದು ನೋಡಿ: ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸಬಹುದು, ಹಿಸುಕಿ ಮಬ್ಬಾದರೆ ಇನ್ನೂ ಕಾಯಬೇಕು. ನಂತರ 12 ತಾಸು ನೀರು ತಾಗಿಸಬೇಡಿ. ಮರುದಿನದ ಎರಡನೇ ಕೋಟ್ ದಪ್ಪಕ್ಕಲ್ಲ, ಮೊದಲ ಸಲ ತಪ್ಪಿಹೋದ ಜಾಗಗಳಿಗೆ. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಟೇಪ್ ಅಂಟಿಸುವುದನ್ನು ಮರೆತರೆ ಬಿಳಿ ಕಲೆ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಈಗ ತಕರಾರು. ಗಡಸು ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ, ಚಪ್ಪಟೆಯಾಗಿ ಹರಡಿದ ನೀರಿಗಿಂತ ಗುಂಡಗೆ ನಿಂತ ಹನಿ ಹೆಚ್ಚು ಕೆಡುಕು. ಹನಿಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೆಲ್ಲ ನೀರು ಆರಿದ ಮೇಲೆ ಒಂದು ಪುಟ್ಟ ವೃತ್ತದಲ್ಲಿ ಒಟ್ಟುಗೂಡಿ ಬಿಳಿ ಉಂಗುರವಾಗುತ್ತವೆ. ರೂಫ್, ಬಾನೆಟ್, ಡಿಕ್ಕಿಯ ಮುಚ್ಚಳ ಮಲಗಿದಂತಿರುವುದರಿಂದ ಹನಿ ಉರುಳಿ ಹೋಗುವುದೂ ಇಲ್ಲ. ಕಪ್ಪು ಬಣ್ಣದ ಕಾರಿನಲ್ಲಿ ಇದು ಎದ್ದು ಕಾಣುತ್ತದೆ. ಶಾಂಪೂವಿಗೆ ಬಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ನೀರು ಬೆರೆಸಿ ಬಟ್ಟೆ ಅದ್ದಿ, ಕಲೆಯ ಮೇಲೆ ಒಂದು ನಿಮಿಷ ಇಟ್ಟು ತೊಳೆದರೆ ಹೊಸ ಕಲೆ ಕರಗುತ್ತದೆ. ಹಾಗೆ ಮಾಡಿದಾಗೆಲ್ಲ ಆ ಜಾಗದ ಸೀಲಂಟ್ ಕೂಡ ಸವೆಯಬಹುದು. ಹಳೆಯದಾಗಿ ಕ್ಲಿಯರ್ ಕೋಟ್‌ನಲ್ಲೇ ಗುಳಿ ಬಿದ್ದರೆ ಪಾಲಿಶ್ ಒಂದೇ ದಾರಿ. ರಕ್ಷಣೆಗೆಂದು ಹಚ್ಚಿದ್ದು ಇನ್ನೊಂದು ಕೆಲಸ ತಂದಿಟ್ಟರೆ ಬೇಸರವಾಗದೆ ಇರುತ್ತದೆಯೇ? ಇನ್ನೂ ಗಟ್ಟಿಯಾದ ಸೆರಾಮಿಕ್ ಕೋಟಿಂಗ್‌ಗೆ ಹೋದರೆ ಈ ಕಾಟ ತಪ್ಪುತ್ತದೆ ಎಂದು ನಂಬಬೇಡಿ. ಅಲ್ಲೂ ಹನಿ ಹೀಗೇ ಒಣಗುತ್ತದೆ.

ನಾಲ್ಕನೇ ತಿಂಗಳಿನಲ್ಲಿ ಹನಿ ನಿಲ್ಲುವುದು ಕಡಿಮೆಯಾದರೆ ಕೂಡಲೇ ಹೊಸ ಕೋಟ್ ಹಚ್ಚಬೇಡಿ. ಎಷ್ಟೋ ಸಲ ಸೀಲಂಟ್ ಹೋಗಿರುವುದಿಲ್ಲ, ಅದರ ಮೇಲೆ ಕೊಳೆಯ ಪದರ ಕೂತಿರುತ್ತದೆ. ಮೇಣ ಬೆರೆಸದ ಶಾಂಪೂವಿನಿಂದ ಚೆನ್ನಾಗಿ ತೊಳೆದು ನೋಡಿ. ನನ್ನ ಕಾರಿನಲ್ಲಿ ಬಾಗಿಲುಗಳು ಮತ್ತೆ ಮೊದಲಿನಂತಾದವು; ಬಾನೆಟ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಬಿಸಿಲು, ಎಂಜಿನ್ ಶಾಖ ಎರಡೂ ಬೀಳುವ ಜಾಗವದು.

ನೆರಳಿನಲ್ಲಿ ನಿಲ್ಲುವ ಕಾರು, ಮೆದು ನೀರು ಎರಡೂ ಇದ್ದವರು ಕಣ್ಣು ಮುಚ್ಚಿ ಕೊಳ್ಳಬಹುದು. ಬಯಲಲ್ಲಿ ನಿಲ್ಲಿಸುವವರು ಹನಿಯ ಚಿತ್ರಕ್ಕೆ ಮರುಳಾಗದೆ, ನೀರನ್ನು ಹಾಳೆಯಂತೆ ಜಾರಿಸುವ ಬಗೆಯ ಸೀಲಂಟ್ ಹುಡುಕಲಿ. 473 ಮಿಲಿಯ ಈ ಬಾಟಲಿಯಲ್ಲಿ ಇನ್ನೂ ಬಹಳ ಉಳಿದಿದೆ, ಎಸೆಯುವ ಮಾತಿಲ್ಲ. ಮುಂದಿನ ಸಲ ಬಾಗಿಲು, ಫೆಂಡರ್, ಬಂಪರ್‌ಗಳಿಗೆ ಇದೇ. ರೂಫ್, ಬಾನೆಟ್, ಡಿಕ್ಕಿಗೆ ನೀರು ಜಾರಿಸುವ ಇನ್ನೊಂದು.