ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಳ್ಳಿ ಅಂದರೆ ಒಪ್ಪಬೇಡಿ

ಮಹಡಿ ಎತ್ತಿಸುವವರು, ಇರುವ ಮನೆಗೇ ಒಂದು ರೂಮು ಸೇರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಕಾರಣ ನಾನೇ ಹಾಕಿದ ಒಂದು ಸಹಿ.

ಕಾಂಟ್ರಾಕ್ಟರ್ ಪರಿಚಯದವರ ಮೂಲಕ ಬಂದವರು. ಅಳತೆ ತೆಗೆದುಕೊಂಡರು, ಲೆಕ್ಕ ಕೊಟ್ಟರು, ಮಾತೂ ಚೆನ್ನಾಗಿತ್ತು. ಪರ್ಮಿಟ್, ಅಂದರೆ ಕಟ್ಟಲು ಬೇಕಾದ ಅನುಮತಿಯ ವಿಷಯ ಬಂದಾಗ ಹೇಳಿದ್ದು ಇಷ್ಟು: "ಮೇಡಂ, ಅರ್ಜಿ ನಿಮ್ಮ ಹೆಸರಲ್ಲೇ ಹಾಕಿಬಿಡಿ. ಮನೆ ಓನರ್ರೇ ನಿಂತು ಕಟ್ಟಿಸ್ತಾರೆ ಅಂದ್ರೆ ಬೇಗ ಸಿಗತ್ತೆ. ನನ್ನ ಹೆಸರಲ್ಲಾದ್ರೆ ಸುಮ್ನೆ ಓಡಾಟ ಜಾಸ್ತಿ." ಇದರಿಂದ ಮುಂದೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದೆ. ಕೇಳಿದ್ದೆ, ಅದು ನನಗೆ ಚೆನ್ನಾಗಿ ನೆನಪಿದೆ. "ಏನೂ ಇಲ್ಲ ಮೇಡಂ. ಕೆಲಸ ಎಲ್ಲ ನಂದೇ. ನಿಮ್ದು ಹೆಸರು ಅಷ್ಟೇ" ಅಂದರು.

ಹೆಸರು ಅಷ್ಟೇ!

ಅರ್ಜಿಯಲ್ಲಿ ಎಲ್ಲ ಬರೆದೇ ಇತ್ತು. ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ, ಒಪ್ಪಿಗೆಯಾದ ನಕ್ಷೆಯಂತೆಯೇ ಕಟ್ಟಿಸುತ್ತೇನೆ, ಪ್ರತಿ ಹಂತದಲ್ಲೂ ತಪಾಸಣೆಗೆ ನಾನೇ ಕರೆಯುತ್ತೇನೆ, ಕೆಲಸದವರ ಸುರಕ್ಷತೆಯ ಹೊಣೆ ನನ್ನದು. ಓದಿದೆ. ಇಂಥ ಅರ್ಜಿಗಳಲ್ಲಿ ಇದೆಲ್ಲ ಇದ್ದೇ ಇರುತ್ತದೆ ಅಂದುಕೊಂಡು ಸಹಿ ಹಾಕಿದೆ. ಮನೆಯಲ್ಲಿ ಯಾವ ಕಾಗದ ಬಂದರೂ ಓದಿ ಹೇಳುವವಳು ನಾನು. ಅದಕ್ಕೇ ಇದನ್ನು ಹೇಳಿಕೊಳ್ಳಲು ಇನ್ನೂ ನಾಚಿಕೆಯಾಗುತ್ತದೆ.

ಶುರುವಿನಲ್ಲಿ ಪಾಯ, ಗೋಡೆ ಕೆಲಸವಷ್ಟೇ ಇದ್ದ ಕಾರಣ ಏನೂ ಗೊತ್ತಾಗಲಿಲ್ಲ. ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ ಹಾಕುವ ದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಮಿಕ್ಸರ್ ಓಡುತ್ತಿತ್ತು, ಅರ್ಧ ಕಾಂಕ್ರೀಟ್ ಬಿದ್ದಾಗಿತ್ತು. "ಇನ್ಸ್‌ಪೆಕ್ಷನ್ ಆಯ್ತಾ?" ಅಂದೆ. "ಅದೆಲ್ಲ ಆಮೇಲೆ ಬಂದು ನೋಡ್ತಾರೆ ಮೇಡಂ. ಜನ ಬಂದಿದ್ದಾರೆ, ಈಗ ನಿಲ್ಲಿಸಕ್ಕಾಗಲ್ಲ." ನಾನು ಸುಮ್ಮನಾದೆ. ಆಗಲೇ ನಿಲ್ಲಿಸಬೇಕಿತ್ತು. ಅರ್ಧ ಮೋಲ್ಡ್ ಹಾಳಾದರೂ ಪರವಾಗಿಲ್ಲ ಅಂತ ನಿಲ್ಲಿಸಬೇಕಿತ್ತು.

ಕೆಲವು ದಿನಗಳ ನಂತರ ಇನ್ಸ್‌ಪೆಕ್ಟರ್ ಬಂದರು. ಮೇಲೆ ಹತ್ತಿ ನೋಡಿ, "ಕಂಬಿ ನೋಡಿದವರು ಯಾರು?" ಅಂದರು. ಯಾರೂ ನೋಡಿರಲಿಲ್ಲ. "ಮುಚ್ಚಿದ ಮೇಲೆ ನಾನು ಏನಂತ ಸಹಿ ಹಾಕಲಿ?" ಅಂದರು. ಅವರ ಮಾತು ನ್ಯಾಯವೇ. ಕಂಬಿ ಎಷ್ಟು ದಪ್ಪ, ಎಷ್ಟು ಅಂತರ, ಒಂದರ ಮೇಲೊಂದು ಎಷ್ಟು ಉದ್ದ ಜೋಡಿಸಿದ್ದಾರೆ, ಕಂಬಿ ತಳಕ್ಕೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಅನ್ನುವ ಸಣ್ಣ ತುಂಡುಗಳನ್ನು ಇಟ್ಟಿದ್ದಾರಾ ಅನ್ನುವುದು ಕಾಂಕ್ರೀಟ್ ಬೀಳುವ ಮುಂಚೆ ಮಾತ್ರ ಕಣ್ಣಿಗೆ ಕಾಣುತ್ತದೆ. ಕೆಲಸ ನಿಲ್ಲಿಸಿ ಅಂತ ನೋಟಿಸ್ ಕೊಟ್ಟರು. ಕಾಂಟ್ರಾಕ್ಟರ್‌ಗೆ ಕೊಡಿ ಅಂದೆ. ಅವರು ಫೈಲ್ ತಿರುಗಿಸಿ ತೋರಿಸಿದರು. ಕಟ್ಟುವವರು ಅನ್ನುವ ಜಾಗದಲ್ಲಿ ನನ್ನ ಹೆಸರು. ಓನರ್ ಅನ್ನುವ ಜಾಗದಲ್ಲೂ ನನ್ನ ಹೆಸರು. ಕಾಂಟ್ರಾಕ್ಟರ್ ಅನ್ನುವ ಮನುಷ್ಯ ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಅಲ್ಲೇ ನಿಂತು ಫೋನ್ ಮಾಡಿದೆ. "ನೀವು ಇನ್ಸ್‌ಪೆಕ್ಷನ್‌ಗೆ ಯಾಕೆ ಕರೀಲಿಲ್ಲ?"

"ನಾನು ಹೆಂಗೆ ಕರೀಲಿ ಮೇಡಂ? ಪರ್ಮಿಟ್ ಯಾರ ಹೆಸರಲ್ಲಿದೆ?"

ಇಷ್ಟು ಸಲೀಸಾಗಿ ಹೇಳಿದರು. ಆ ಮಾತಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ನೀವೇ ಅಲ್ವಾ ಹೇಳಿದ್ದು ಅಂದೆ. "ನಾನು ಹೇಳಿದೆ, ಸಹಿ ಹಾಕಿದ್ದು ನೀವಲ್ವಾ" ಅಂದರು. ಇನ್ಸ್‌ಪೆಕ್ಟರ್ ಎದುರಿಗೇ ಇದ್ದರು. ಕೈ ನಡುಗುತ್ತಿತ್ತು.

ಇದರ ಮಧ್ಯೆ ಸಾರುವೆಯಿಂದ ಜಾರಿ ಒಬ್ಬ ಹುಡುಗ ಕೈ ಉಳುಕಿಸಿಕೊಂಡ. ದೊಡ್ಡ ಪೆಟ್ಟಾಗಲಿಲ್ಲ, ಪುಣ್ಯ. ಆಗಲೂ ಕಾಂಟ್ರಾಕ್ಟರ್ ಮಾತು ಅದೇ: "ಸೈಟ್ ನಿಮ್ದು ಮೇಡಂ." ಆ ಹುಡುಗನಿಗೆ ಇನ್ಶೂರೆನ್ಸ್ ಇತ್ತಾ? ಇರಲಿಲ್ಲ. ಅವನು ಇನ್ನೂ ಎತ್ತರದಿಂದ ಬಿದ್ದಿದ್ದರೆ? ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೋಲ್ಡಿಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದಾಗ ನಿಜ ಕಂಡಿತು. ಒಂದು ಮೂಲೆಯಲ್ಲಿ ಕೆಳಗಿನಿಂದ ಕಂಬಿ ಕಾಣುತ್ತಿತ್ತು. ನಕ್ಷೆಯಲ್ಲಿ ಕಂಬಿಯ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಅದು ಇಲ್ಲದಿದ್ದರೆ ತೇವ ತಾಗಿ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಇಂಜಿನಿಯರ್ ಒಬ್ಬರನ್ನು ಬೇರೆಯಾಗಿ ಕರೆಸಬೇಕಾಯಿತು. ಅವರು ಕಂಬಿ ಎಷ್ಟು ಒಳಗಿದೆ ಅಂತ ತೋರಿಸುವ ಕವರ್ ಮೀಟರ್ ಹಿಡಿದು ಪೂರ್ತಿ ಮೋಲ್ಡ್ ನೋಡಿದರು. ಕಾಂಕ್ರೀಟ್ ಹಾಕಿ 28 ದಿನ ಕಳೆದ ಮೇಲೆ ಮೂರು ಕಡೆ ಕೊರೆದು ಕಾಂಕ್ರೀಟ್ ತೆಗೆದು ಲ್ಯಾಬ್‌ಗೆ ಕಳಿಸಿದರು. ಹೊಸ ಮೋಲ್ಡಿಗೆ ತೂತು ಕೊರೆಯುವ ಸದ್ದು ಕೇಳುತ್ತಾ ಕೆಳಗೆ ನಿಂತಿದ್ದೆ. ಕಾಂಕ್ರೀಟ್ ಗಟ್ಟಿಯಿದೆ ಅಂತ ಬಂತು, ಆ ಮೂಲೆಯನ್ನು ಮಾತ್ರ ರಿಪೇರಿ ಮಾಡಿಸಬೇಕು ಅಂದರು. ಖರ್ಚು ನನ್ನದೇ. ಕಾಂಟ್ರಾಕ್ಟರ್ ಹೇಳಿದ್ದು: "ಯಾವ ಮನೇಲಾದ್ರೂ ಇಷ್ಟು ಇದ್ದೇ ಇರತ್ತೆ ಮೇಡಂ, ಪ್ಲಾಸ್ಟರ್ ಮಾಡಿದ್ರೆ ಕಾಣಲ್ಲ."

ಕಾಣಲ್ಲ ಅಂತೆ.

ಅವರು ಯಾಕೆ ಹೆಸರು ಹಾಕಲಿಲ್ಲ ಅನ್ನುವುದು ತಡವಾಗಿ ಗೊತ್ತಾಯಿತು. ಅವರ ಲೈಸೆನ್ಸ್ ಅವಧಿ ಮುಗಿದು ಎರಡು ವರ್ಷವಾಗಿತ್ತು. ಅವರ ಹೆಸರಲ್ಲಿ ಅರ್ಜಿ ಹಾಕಿದ್ದರೆ ತಗೊಳ್ಳುತ್ತಲೇ ಇರಲಿಲ್ಲ. ಕೇಳಿದ್ದರೆ ಪರ್ಮಿಟ್ ಕೊಡುವ ಕಚೇರಿಯಲ್ಲಿ ಮೊದಲೇ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಆದ್ದರಿಂದ ನಿಮಗೆ ಹೇಳುವುದು ಇಷ್ಟೇ. ಕೆಲಸ ಮಾಡುವವರ ಹೆಸರಲ್ಲೇ ಪರ್ಮಿಟ್ ಇರಲಿ. ನಿಮ್ಮ ಹೆಸರಲ್ಲಿ ತಗೊಳ್ಳಿ ಅಂತ ಕಾಂಟ್ರಾಕ್ಟರ್ ಬಾಯಲ್ಲಿ ಬಂದರೆ ಅವರ ಲೈಸೆನ್ಸ್ ತೋರಿಸಲು ಹೇಳಿ. ತೋರಿಸದಿದ್ದರೆ ಅಲ್ಲಿಗೇ ಬಿಡಿ, ಎಷ್ಟು ಪರಿಚಯದವರಾದರೂ ಬಿಡಿ. ನಿಜವಾಗಿಯೂ ನೀವೇ ನಿಂತು ಕಟ್ಟಿಸುವುದಾದರೆ ಯಾವ ಯಾವ ಹಂತದಲ್ಲಿ ತಪಾಸಣೆ ಅಂತ ಕಚೇರಿಯಿಂದ ಬರೆಸಿಕೊಳ್ಳಿ. ಕಾಂಕ್ರೀಟಿಗೆ ಮುಂಚೆ ಕಂಬಿ, ಪ್ಲಾಸ್ಟರಿಗೆ ಮುಂಚೆ ವೈರಿಂಗ್ ಮತ್ತು ಪೈಪು. ಸಹಿ ಬೀಳದೆ ಯಾವುದನ್ನೂ ಮುಚ್ಚಲು ಬಿಡಬೇಡಿ, ಆ ಹಂತದ ದುಡ್ಡನ್ನೂ ಕೊಡಬೇಡಿ. ನಾನು ಮೋಲ್ಡಿನ ದುಡ್ಡನ್ನು ಹಿಂದಿನ ದಿನವೇ ಕೊಟ್ಟಿದ್ದೆ.

ಮೂಲೆಯ ರಿಪೇರಿ ಮುಗಿದಿದೆ, ಮರುತಪಾಸಣೆ ಇನ್ನೂ ಆಗಿಲ್ಲ. ಮೊನ್ನೆ ಕಾಂಟ್ರಾಕ್ಟರ್ ಮೆಸೇಜ್ ಮಾಡಿದ್ದರು: "ಮೇಡಂ, ಬಾಕಿ ಯಾವಾಗ ಕೊಡ್ತೀರಾ?" ಇಂಜಿನಿಯರ್ ಬಿಲ್ಲು, ಲ್ಯಾಬ್ ಬಿಲ್ಲು, ರಿಪೇರಿ ಬಿಲ್ಲು ಮೂರನ್ನೂ ಫೋಟೊ ತೆಗೆದು ಕಳಿಸಿದೆ. ನೋಡಿದ್ದಾರೆ, ಉತ್ತರ ಬಂದಿಲ್ಲ.