ಟೊಯೋಟಾ ಪ್ರಿಯಸ್ ಪ್ರೈಮ್: ಪರಿಸರದ ದೃಷ್ಟಿಯಿಂದ ಒಂದು ವಿಮರ್ಶೆ

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ 2023ರ ಮಾದರಿಯ ಪ್ರಿಯಸ್ ಪ್ರೈಮ್ ಎಸ್‌ಇ ಕಾರನ್ನು ಬಳಸುತ್ತಿದ್ದು, ಪರಿಸರಕ್ಕೆ ಅದು ಎಷ್ಟರಮಟ್ಟಿಗೆ ಹಿತ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಇದು ಪ್ಲಗ್-ಇನ್ ಹೈಬ್ರಿಡ್, ಅಂದರೆ ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯ ಜೊತೆಗೆ ಪೆಟ್ರೋಲ್ ಎಂಜಿನ್ನೂ ಇರುವ ಕಾರು. ಇದರ 13.6 ಕಿಲೋವ್ಯಾಟ್-ಅವರ್ ಬ್ಯಾಟರಿ ಪೂರ್ತಿ ತುಂಬಿದ್ದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ, ಸುಮಾರು 70 ಕಿಲೋಮೀಟರ್ ದೂರವನ್ನು ಪೆಟ್ರೋಲ್ ಮುಟ್ಟದೆ ಕ್ರಮಿಸಬಹುದು. ಕಚೇರಿಗೆ ಹೋಗಿಬರಲು ನಮಗೆ ಇಷ್ಟು ಧಾರಾಳ. ಸಂಜೆ ಗ್ಯಾರೇಜಿನ ಸಾಮಾನ್ಯ 120 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸುಮಾರು 11 ಗಂಟೆಗಳಲ್ಲಿ ಚಾರ್ಜ್ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಕಾರನ್ನು ಹೊರಗೆ ತೆಗೆಯುವಾಗ ಹೊಗೆಯ ವಾಸನೆಯೇ ಇರುವುದಿಲ್ಲ. ಪಾದಚಾರಿಗಳ ಎಚ್ಚರಿಕೆಗೆಂದು ಅದು ಹೊರಡಿಸುವ ಸಣ್ಣ ಗುಂಯ್‌ಗುಡುವ ಸದ್ದಷ್ಟೇ ಕೇಳುತ್ತದೆ.

ಪೂರ್ಣ ವಿದ್ಯುತ್ ಕಾರುಗಳಲ್ಲಿ ಅನೇಕವುಗಳ ಬ್ಯಾಟರಿ ಇದರ ನಾಲ್ಕೈದು ಪಟ್ಟು ದೊಡ್ಡದಾದ್ದರಿಂದ, ಅದಕ್ಕೆ ಬೇಕಾದ ಲಿಥಿಯಂ ಮೊದಲಾದ ಲೋಹಗಳ ಗಣಿಗಾರಿಕೆಯ ಹೊರೆ ಇಲ್ಲಿ ಬಹಳ ಕಡಿಮೆ. ಇದನ್ನು ನಾನು ದೊಡ್ಡ ಗುಣವೆಂದೇ ಭಾವಿಸುತ್ತೇನೆ.

ಆದರೆ ಚಾರ್ಜ್ ಮಾಡದೆ ಓಡಿಸಿದರೆ ಇಂಥ ಯಾವ ಕಾರಿನಿಂದಲೂ ನಿರೀಕ್ಷಿಸಿದ ಲಾಭ ಸಿಗದು. ಯುರೋಪಿನಲ್ಲಿ 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಹೈಬ್ರಿಡ್‌ಗಳ ನಿಜವಾದ ಇಂಧನ ಬಳಕೆಯನ್ನು ಪರಿಶೀಲಿಸಿ ಯುರೋಪಿಯನ್ ಆಯೋಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, ಅವು ಹೊರಸೂಸಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಲೆಕ್ಕದ ಸರಾಸರಿ ಮೂರೂವರೆ ಪಟ್ಟಿನಷ್ಟಿತ್ತು. ಅಂತರ ಇಷ್ಟು ದೊಡ್ಡದಾಗಲು ಮುಖ್ಯ ಕಾರಣ, ಕಾರುಗಳನ್ನು ಅಂದಾಜಿಸಿದಷ್ಟು ಸಲ ಚಾರ್ಜ್ ಮಾಡದಿದ್ದದ್ದು. ಹೀಗಾಗಿ ಮನೆಯಲ್ಲಿ ಚಾರ್ಜಿಂಗ್ ಅನುಕೂಲವಿಲ್ಲದವರಿಗೆ ನಾನಿದನ್ನು ಶಿಫಾರಸು ಮಾಡುವುದಿಲ್ಲ. ಇದರ ಬ್ಯಾಟರಿಯ ಭಾರವನ್ನು ಸುಮ್ಮನೆ ಹೊತ್ತು ತಿರುಗುವುದಕ್ಕಿಂತ ಅವರಿಗೆ ಹೊರಗಿನಿಂದ ಚಾರ್ಜ್ ಮಾಡಬೇಕಿಲ್ಲದ ಸಾಮಾನ್ಯ ಹೈಬ್ರಿಡ್ ಕಾರೇ ಮೇಲು.