ಕಾರಿನ ಹಳೇ ಕ್ಯಾಸೆಟ್ ಡೆಕ್ ಸ್ಟುಡಿಯೋಗೆ: ಎಸ್‌ಎಂಪಿಎಸ್ಸಾ, ಬ್ಯಾಟರಿಯಾ, ಟ್ರಾನ್ಸ್‌ಫಾರ್ಮರಾ?

ಕಾರಿನಿಂದ ಬಿಚ್ಚಿದ ಕ್ಯಾಸೆಟ್ ಡೆಕ್‌ಗೆ ಮನೆಯಲ್ಲಿ ಕರೆಂಟ್ ಕೊಡಲು ಈ ಮೂರರಲ್ಲಿ ನನ್ನ ಓಟು ಟ್ರಾನ್ಸ್‌ಫಾರ್ಮರ್‌ಗೆ. ತುಮಕೂರಿನ ಒಂದು ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿಸಿ ಮಾಡಿಸಿದ್ದು, ಒಂದೂವರೆ ಕಿಲೋ ತೂಗುತ್ತದೆ. ಅದಕ್ಕೂ ಮೊದಲು 650 ರೂಪಾಯಿಗೆ ಒಂದು ಎಸ್‌ಎಂಪಿಎಸ್ (ಮನೆ ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡಿ ಕಡಿಮೆ ವೋಲ್ಟಿನ ಡಿಸಿ ಮಾಡುವ ಸಪ್ಲೈ) ತಂದು ಒಂದೂವರೆ ತಿಂಗಳು ಒದ್ದಾಡಿದೆ. ನಡುವೆ ಕಾರಿನ ಬ್ಯಾಟರಿಯನ್ನೂ ಇಟ್ಟು ನೋಡಿದೆ. ಮೂರನ್ನೂ ಒಂದೇ ಡೆಕ್‌ಗೆ ಕೊಟ್ಟು, ಒಂದೇ ಕ್ಯಾಸೆಟ್ ಹಾಕಿ ಕೇಳಿದ್ದೇನೆ.

ಬಟವಾಡಿ ಕಡೆ ನಮ್ಮ ಮನೆ. ಮಹಡಿ ಮೇಲೆ ಸಣ್ಣದೊಂದು ರೆಕಾರ್ಡಿಂಗ್ ರೂಮ್ ಮಾಡಿಕೊಂಡಿದ್ದೇನೆ. ಭಜನೆ ತಂಡದವರು, ಸೋಬಾನೆ ಹಾಡುವವರು, ಸ್ಕೂಲ್ ಡೇಗೆ ಟ್ರ್ಯಾಕ್ ಬೇಕಾದವರು ಬರುತ್ತಾರೆ. ಎರಡು ವರ್ಷದಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಅಟ್ಟದ ಮೇಲಿನ ಹಳೇ ಕ್ಯಾಸೆಟ್ ಹುಡುಕಿ ತಂದು "ಇದನ್ನ ಮೊಬೈಲಿಗೆ ಬರೋ ಹಾಗೆ ಮಾಡಿಕೊಡಿ ಸಾರ್" ಅನ್ನುತ್ತಾರೆ. ತಾತನ ಹರಿಕಥೆ, ಊರ ಹಬ್ಬದ ನಾಟಕ, ಮದುವೆಯಲ್ಲಿ ಅಜ್ಜಿ ಹಾಡಿದ ಹಸೆ ಹಾಡು. ಇರುವುದು ಅದೊಂದೇ ಕ್ಯಾಸೆಟ್. ಹಾಳಾದರೆ ಹೋಯಿತು.

ಒಳ್ಳೆಯ ಹೋಮ್ ಡೆಕ್ ಇದ್ದವರು ಅದನ್ನೇ ಬಳಸಿ, ಟೇಪ್ ಓಡುವ ವೇಗ ಅದರಲ್ಲಿ ಜಾಸ್ತಿ ಸ್ಥಿರ. ನನಗೆ ಅಂಥದ್ದು ನಮ್ಮ ಕಡೆ ಸಿಗಲಿಲ್ಲ. ಸಿಕ್ಕಿದವು ಬೆಲ್ಟ್ ಅಂಟಂಟಾಗಿ ಕೂತವು, ರೇಟು ನೋಡಿದರೆ ಕೈಗೆಟುಕುವ ಹಾಗಿರಲಿಲ್ಲ. ಕಾರಿನ ಡೆಕ್ಕುಗಳಾದರೆ ಗುಜರಿ ಅಂಗಡಿಯಲ್ಲಿ, ಕಾರ್ ಎಲೆಕ್ಟ್ರಿಷಿಯನ್ ಹತ್ತಿರ ಇನ್ನೂ ಇವೆ. ನನ್ನದು ಮಾವನ ಅಂಬಾಸಿಡರ್‌ನಿಂದ ಬಿಚ್ಚಿದ್ದು. ಬೆಲ್ಟ್ ಬದಲಾಯಿಸಿದೆ. ಟೇಪಿನಿಂದ ಸದ್ದು ಓದುವ ಹೆಡ್ಡು, ರಬ್ಬರ್ ರೋಲರ್ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಮುಚ್ಚಿಹೋಗಿದ್ದ ತಾಳದ ಸದ್ದು ಪಕ್ಕನೆ ತೆರೆದುಕೊಂಡಿತು. ಅಲ್ಲಿಗೆ ಡೆಕ್ ರೆಡಿ. ಉಳಿದಿದ್ದು ಕರೆಂಟ್ ಎಲ್ಲಿಂದ ಕೊಡುವುದು ಅನ್ನುವುದು.

ಕಾರಿನ ಆಡಿಯೋ 12 ವೋಲ್ಟ್ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಫುಲ್ ಚಾರ್ಜ್ ಆದ ಬ್ಯಾಟರಿಯಲ್ಲಿ ಸುಮಾರು 12.6 ಇರುತ್ತದೆ. ಇಂಜಿನ್ ಓಡುವಾಗ ಅದು ತಿರುಗಿಸುವ ಜನರೇಟರ್, ಅಂದರೆ ಆಲ್ಟರ್ನೇಟರ್‌ನಿಂದ 13.8ರಿಂದ 14.4ರವರೆಗೆ ಬರುತ್ತದೆ. ಡೆಕ್ ಮಾಡಿದವರು ಲೆಕ್ಕ ಹಾಕಿರುವುದು ಈ ಎರಡನೆಯದಕ್ಕೆ. ಅದಕ್ಕೇ ನಾನು 13.8ಕ್ಕೆ ಗುರಿ ಇಟ್ಟೆ. ನನ್ನ ಡೆಕ್‌ನಲ್ಲಿ ಹಳದಿ ವೈರ್ ಮೆಮೊರಿಗೆ, ಕೆಂಪು ಕಾರಿನ ಕೀ ಸ್ವಿಚ್ಚಿಗೆ, ಕಪ್ಪು ಗ್ರೌಂಡಿಗೆ. ಹಳದಿ, ಕೆಂಪು ಎರಡನ್ನೂ ಸೇರಿಸಿ ಪ್ಲಸ್‌ಗೆ ಕೊಟ್ಟರೆ ಆಯಿತು.

ಮೊದಲು ಎಸ್‌ಎಂಪಿಎಸ್. ಎಲ್‌ಇಡಿ ಸ್ಟ್ರಿಪ್‌ಗೆ, ಸಿಸಿಟಿವಿಗೆ ಹಾಕುತ್ತಾರಲ್ಲ, ತೂತು ತೂತಿನ ತಗಡಿನ ಡಬ್ಬಿ, ಅದೇ. ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ 13.8ಕ್ಕೂ ಬಂತು. ಡೆಕ್ ಹತ್ತಿತು, ಹಾಡು ಬಂತು, ಖುಷಿಯಾಯಿತು. ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೂತಾಗ ಗೊತ್ತಾಯಿತು. ಹಾಡು ನಿಂತ ಕಡೆಯಲ್ಲೆಲ್ಲ ಸಣ್ಣಗೆ "ಕೀಂ" ಅನ್ನುವ ಸದ್ದು.

ಡೆಕ್ಕೇ ಕೆಟ್ಟಿದೆ ಅಂದುಕೊಂಡೆ. ಕಾರ್ ಎಲೆಕ್ಟ್ರಿಷಿಯನ್ ಹತ್ತಿರ ಎತ್ತಿಕೊಂಡು ಹೋದೆ. ಅವರು ನಿಂತಿದ್ದ ಒಂದು ಕಾರಿನ ಬ್ಯಾಟರಿಗೆ ಕೊಟ್ಟು ಹಾಕಿದರು. ಪೂರ್ತಿ ಸೈಲೆಂಟ್. "ಡೆಕ್ಕಲ್ಲಿ ಏನೂ ಇಲ್ಲ ಅಣ್ಣ, ನಿಮ್ಮ ಕರೆಂಟಲ್ಲಿದೆ" ಅಂದರು. ಮನೆಗೆ ತಂದು ಹಾಕಿದರೆ ಮತ್ತೆ ಕೀಂ.

ಆಮೇಲೆ ಒಂದೊಂದಾಗಿ ಶುರು ಮಾಡಿದೆ. ಸಪ್ಲೈಗೆ ಅಡ್ಡಲಾಗಿ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಕೀಂ ಜೊತೆಗಿದ್ದ ತಗ್ಗು ದನಿಯ ಗುಂಯ್ ಸ್ವಲ್ಪ ಇಳಿಯಿತು, ಕೀಂ ಹಾಗೇ ಇತ್ತು. ವೈರಿನಲ್ಲಿ ಬರುವ ಕಸ ತಡೆಯುವ ಫೆರೈಟ್ ಉಂಗುರ ಹಾಕಿದೆ. ವ್ಯತ್ಯಾಸ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದೆ, ಸ್ವಲ್ಪ ಕಡಿಮೆಯಾಯಿತು. ಒಂದು ದಿನ ಡೆಕ್‌ನ ತಗಡಿಗೆ ಕೈ ತಾಗಿ ಜುಮ್ ಅಂದಿತು. ಎಲೆಕ್ಟ್ರಿಷಿಯನ್ ಕರೆಸಿದರೆ ಸಾಕೆಟ್‌ನ ಮೇಲಿನ ದೊಡ್ಡ ಪಿನ್ನಿಗೆ ಅರ್ಥಿಂಗೇ ಇರಲಿಲ್ಲ. ಎಸ್‌ಎಂಪಿಎಸ್ ಒಳಗೆ ಲೈನಿಗೂ ಮೈಗೂ ನಡುವೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅವುಗಳಿಂದ ಸೋರಿದ ಕರೆಂಟ್ ಡೆಕ್ ಮೈಗೆ ಬಂದು ಕೂರುತ್ತದೆ. ಅರ್ಥಿಂಗ್ ಸರಿ ಮಾಡಿಸಿದೆ, ಜುಮ್ ಹೋಯಿತು, ಗುಂಯ್ ಇನ್ನಷ್ಟು ಇಳಿಯಿತು. ನೀವು ಯಾವ ಸಪ್ಲೈ ಹಾಕಿದರೂ ಮೊದಲು ಇದನ್ನು ನೋಡಿಸಿಕೊಳ್ಳಿ. ಆದರೆ ಕೀಂ? ಅದು ಅಲ್ಲೇ.

ಕಾರಣ ಆಮೇಲೆ ಅರ್ಥವಾಯಿತು. ಕ್ಯಾಸೆಟ್ ಹೆಡ್‌ನಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟಿಗೂ ಕಡಿಮೆ. ಅದನ್ನು ಡೆಕ್ ನೂರಾರು ಪಟ್ಟು ಹಿಗ್ಗಿಸುತ್ತದೆ. ಸಪ್ಲೈಯಲ್ಲಿ ಎಲ್‌ಇಡಿ ಬಲ್ಬಿಗೆ ಗೊತ್ತೇ ಆಗದಷ್ಟು ಕಸ ಇದ್ದರೂ ಹೆಡ್ ಪಕ್ಕದ ಪ್ರೀಆಂಪ್ ಅದನ್ನು ಹಿಡಿದು ದೊಡ್ಡದು ಮಾಡುತ್ತದೆ. ಎಸ್‌ಎಂಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತಿರುತ್ತದೆ. ಆ ವೇಗ ಕಿವಿಗೆ ಕೇಳುವುದಿಲ್ಲ. ಆದರೆ ಲೋಡ್, ಅಂದರೆ ಎಳೆಯುವ ಕರೆಂಟ್, ಕಡಿಮೆ ಇದ್ದಾಗ ಕೆಲವು ಸಪ್ಲೈಗಳು ತಡೆ ತಡೆದು ಓಡುತ್ತವೆ. ಆ ತಡೆಯುವ ಲಯ ಕಿವಿಗೆ ಕೇಳುವ ಮಟ್ಟಕ್ಕೆ ಇಳಿಯುತ್ತದೆ. ನಾನು ಡೆಕ್ಕನ್ನು ಸಣ್ಣ ವಾಲ್ಯೂಮ್‌ನಲ್ಲೇ ಇಡುವುದು, ಲೋಡ್ ಯಾವಾಗಲೂ ಕಡಿಮೆಯೇ.

ಇದೇ ಹೊತ್ತಲ್ಲಿ ಒಬ್ಬರು ಮೇಷ್ಟ್ರು ಅವರ ತಂದೆಯ ಹರಿಕಥೆ ಕ್ಯಾಸೆಟ್ ತಂದುಕೊಟ್ಟರು. ದಾಸರು ಕಥೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುವ ಕಡೆ, ಚಿಟಿಕೆ ಸುಮ್ಮನಾಗುವ ಕಡೆ, ಆ ಕೀಂ ಎದ್ದು ಬರುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಸುಮಾರು 7000 ಹರ್ಟ್ಜ್ ಹತ್ತಿರ ದಾರದಂಥ ಒಂದು ಗೆರೆ. ಫಿಲ್ಟರ್ ಹಾಕಿ ಅಷ್ಟನ್ನೇ ಕತ್ತರಿಸಿದೆ. ಗೆರೆ ಹೋಯಿತು, ಅದರ ಜೊತೆಗೆ ತಾಳದ ಅಂಚೂ ಹೋಯಿತು. ಮೇಷ್ಟ್ರು ಕೇಳಿ, "ಅಪ್ಪನ ತಾಳ ಹಿಂಗಿರಲಿಲ್ಲ. ಯಾಕೋ ಮಂಕಾಗಿದೆ ಅಲ್ವಾ?" ಅಂದರು. ಅವರು ಹೇಳಿದ್ದು ಸರಿ. ಕಂಚಿನ ತಾಳದ ಝಣ ಅನ್ನುವ ಕೊನೆ ಅಲ್ಲೇ ಇರುವುದು. ಅವತ್ತು ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಇನ್ನೊಂದು ಸಲ ಮಾಡಿಕೊಡುತ್ತೇನೆ, ಕ್ಯಾಸೆಟ್ ಇಲ್ಲೇ ಇರಲಿ ಅಂದೆ.

ಮಾರನೆಯ ದಿನವೇ ಬ್ಯಾಟರಿ ತಂದೆ. 35 ಆಂಪಿಯರ್ ಅವರ್‌ನದು, ಸೆಕೆಂಡ್ ಹ್ಯಾಂಡ್, 1800 ರೂಪಾಯಿ. ಸದ್ದಿನ ಮಾತು ಬಂದರೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಮನೆಯ ಲೈನಿಗೆ ಸಂಬಂಧವೇ ಇಲ್ಲದ್ದರಿಂದ ಸಪ್ಲೈ ಕಡೆಯಿಂದ ಗುಂಯ್ ಬರಲು ದಾರಿಯೇ ಇಲ್ಲ. ಟೇಪಿನ ಸುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕರೆಂಟ್ ಹೋದಾಗಲೂ ಕೆಲಸ ನಡೆಯಿತು.

ಆದರೂ ಮೂರು ವಾರದಲ್ಲಿ ಬಿಟ್ಟೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬೆಂಕಿ ಹೊತ್ತುವ ಗ್ಯಾಸ್. ನನ್ನ ರೂಮಿಗೆ ಕಿಟಕಿ ಮುಚ್ಚಿ, ಫೋಮ್ ಹೊಡೆದು, ಗಾಳಿಯಾಡದ ಹಾಗೆ ಮಾಡಿದ್ದೇನೆ. ಅಲ್ಲಿ ಚಾರ್ಜ್ ಮಾಡುವ ಹಾಗಿಲ್ಲ. ಹಾಗಾಗಿ ಪ್ರತಿ ಸಲ ಹತ್ತು ಕಿಲೋ ಎತ್ತಿಕೊಂಡು ಟೆರೇಸಿಗೆ ಹೋಗಬೇಕು. ಬಿ.ಎಚ್. ರಸ್ತೆಯ ಲಾರಿ ಸದ್ದು ಕಡಿಮೆಯಾಗುವುದು ರಾತ್ರಿ ಹನ್ನೊಂದರ ಮೇಲೆ, ನನ್ನ ಕೆಲಸ ಜಾಸ್ತಿ ಆಗಲೇ. ಆ ಹೊತ್ತಿಗೆ ಬ್ಯಾಟರಿ ಇಳಿದಿದ್ದರೆ ಅವತ್ತಿನ ರಾತ್ರಿ ಹೋಯಿತು. ಬ್ಯಾಟರಿ ಇಡುವವರಿಗೆ ಒಂದು ಮಾತು. ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ವೈರ್ ಶಾರ್ಟ್ ಆದರೆ ಕಾರ್ ಬ್ಯಾಟರಿ ನೂರಾರು ಆಂಪಿಯರ್ ಕೊಟ್ಟುಬಿಡುತ್ತದೆ. ಸ್ಪ್ಯಾನರ್ ತಾಗಿ ಕಿಡಿ ಹಾರಿದ್ದನ್ನು ನಾನೇ ನೋಡಿದ್ದೇನೆ.

ಈಗ ಟ್ರಾನ್ಸ್‌ಫಾರ್ಮರ್. ವೈಂಡಿಂಗ್ ಅಂಗಡಿಯ ಯಜಮಾನರು ಮೋಟಾರ್, ಸ್ಟೆಬಿಲೈಜರ್ ಸುತ್ತುವವರು, ವಯಸ್ಸಾದವರು. 15 ವೋಲ್ಟ್, 4 ಆಂಪಿಯರ್ ಬೇಕು ಅಂದೆ. ಅದನ್ನು ಡಿಸಿ ಮಾಡಿ, 10000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಎಲ್‌ಎಂ 338 ರೆಗ್ಯುಲೇಟರ್‌ನಿಂದ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಐಸಿ) 13.8ಕ್ಕೆ ಇಳಿಸುವುದು ನನ್ನ ಪ್ಲಾನ್. ಅವರು 18 ಸುತ್ತಿಸಿಕೋ ಅಂದರು. ಹೀಟ್ ಜಾಸ್ತಿಯಾಗುತ್ತದೆ ಅಂತ ನಾನು 15ಕ್ಕೇ ಹಟ ಹಿಡಿದೆ.

ಹಗಲು ಚೆನ್ನಾಗಿತ್ತು. ಸಂಜೆ ಏಳಕ್ಕೆ ಗುಂಯ್ ಶುರು. ವಾಪಸ್ ಹೋದೆ.

"ಯಜಮಾನ್ರೇ, ಸಂಜೆ ಮಾತ್ರ ಸದ್ದು ಬರ್ತಿದೆ."

"ನೋಡಪ್ಪ, ಸಂಜೆ ಹೊತ್ತು ನಿಮ್ಮ ಲೈನಲ್ಲಿ ಎಷ್ಟು ಬರುತ್ತೆ, ಅಳೆದಿದ್ದೀಯಾ?"

ಅಳೆದೆ. 188 ವೋಲ್ಟ್. 230ಕ್ಕೆ 15 ಕೊಡುವ ಟ್ರಾನ್ಸ್‌ಫಾರ್ಮರ್ 188ಕ್ಕೆ ಹನ್ನೆರಡೂ ಚಿಲ್ಲರೆ ಕೊಡುತ್ತದೆ. ಡಿಸಿ ಆದ ಮೇಲೆ, ಕೆಪಾಸಿಟರ್ ಅಲೆಯ ತುದಿಯನ್ನು ಹಿಡಿಯುವುದರಿಂದ, ಹದಿನೈದೂವರೆ. ಎಲ್‌ಎಂ 338ಗೆ ಔಟ್‌ಪುಟ್‌ಗಿಂತ ಸುಮಾರು 3 ವೋಲ್ಟ್ ಜಾಸ್ತಿ ಸಿಗಬೇಕು, ಇಲ್ಲದಿದ್ದರೆ ಅದು ಕೈಬಿಡುತ್ತದೆ, ಲೈನಿನ ಏರಿಳಿತವೆಲ್ಲ ನೇರ ಡೆಕ್‌ಗೆ ಹೋಗುತ್ತದೆ. 18ಕ್ಕೆ ಮತ್ತೆ ಸುತ್ತಿಸಿದೆ. ಹೀಟ್‌ಸಿಂಕ್ ದೊಡ್ಡದು ಹಾಕಿದೆ. ಅವತ್ತಿನಿಂದ ಸಂಜೆಯೂ ಸೈಲೆಂಟ್.

ಇನ್ನೊಂದು ವಿಷಯ. ಟ್ರಾನ್ಸ್‌ಫಾರ್ಮರ್ ಸುತ್ತ ಅಯಸ್ಕಾಂತದ ಸೆಳೆತ ಇರುತ್ತದೆ, ಕ್ಯಾಸೆಟ್ ಹೆಡ್ ಕೆಲಸ ಮಾಡುವುದೂ ಅದನ್ನೇ ಹಿಡಿದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗುಂಯ್ ಬರಲೇಬೇಕು. ಹೆಡ್‌ಫೋನ್ ಹಾಕಿಕೊಂಡು, ಟೇಪ್ ಇಲ್ಲದೆ ಡೆಕ್ ಓಡಿಸಿ, ಟ್ರಾನ್ಸ್‌ಫಾರ್ಮರನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ನಿಧಾನ ಸರಿಸಿದೆ. ಒಂದು ಅಡಿಯಲ್ಲಿ ಜೋರು, ಎರಡು ಅಡಿಯಲ್ಲಿ ಅರ್ಧಕ್ಕರ್ಧ ಇಳಿಯಿತು. ಅಲ್ಲೇ ಇಟ್ಟು ಕಾಲು ಸುತ್ತು ತಿರುಗಿಸಿದಾಗ ಗುಂಯ್ ಕರಗಿ ಟೇಪಿನ ಸುಂಯ್ ಒಳಗೆ ಸೇರಿಹೋಯಿತು. ಆ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿದ್ದೇನೆ. ಈಗಲೂ ಸಪ್ಲೈ ಅಲ್ಲೇ ಕೂರುವುದು.

ಆ ಗೆರೆ ಎಳೆದ ರಾತ್ರಿಯೇ ಮೇಷ್ಟ್ರ ಹರಿಕಥೆಯನ್ನು ಮತ್ತೆ ಇಳಿಸಿದೆ. ಯಾವ ಫಿಲ್ಟರೂ ಹಾಕಲಿಲ್ಲ. ದಾಸರು ಉಸಿರೆಳೆಯುವುದು, ಹಿಂದೆ ಯಾರೋ ಮಗು ಕೆಮ್ಮುವುದು, ತಾಳ ಮುಗಿದ ಮೇಲೆ ಉಳಿಯುವ ಝಣ, ಎಲ್ಲ ಇತ್ತು.

ಡೆಕ್‌ನಿಂದ ಸದ್ದು ಹೊರಗೆ ತೆಗೆಯುವ ಬಗ್ಗೆಯೂ ಹೇಳಬೇಕು, ಇದರಲ್ಲಿ ನಾನು ಒಂದು ಡೆಕ್ ಕಳೆದುಕೊಂಡಿದ್ದೇನೆ. ಟಿಡಿಎ 2003 ತರದ ಐಸಿ ಒಂದೊಂದೇ ಹಾಕಿರುವ ಹಳೇ ಡೆಕ್ಕುಗಳಲ್ಲಿ ಸ್ಪೀಕರ್ ಮೈನಸ್ ಅಂದರೆ ಗ್ರೌಂಡೇ. ಆಮೇಲೆ ಬಂದ ಜಾಸ್ತಿ ಪವರ್‌ನ ಡೆಕ್ಕುಗಳಲ್ಲಿ ಬ್ರಿಡ್ಜ್ ಇರುತ್ತದೆ, ಅಂದರೆ ಒಂದು ಸ್ಪೀಕರನ್ನು ಎರಡು ಆಂಪ್‌ಗಳು ಎರಡೂ ಕಡೆಯಿಂದ ಓಡಿಸುತ್ತವೆ, ಸ್ಪೀಕರ್‌ನ ಎರಡೂ ವೈರ್ ಜೀವಂತ. ನಾನು ಎರಡು ಮೈನಸ್ ಸೇರಿಸಿ ಗ್ರೌಂಡಿಗೆ ಕೊಟ್ಟೆ, ಐಸಿ ಸುಟ್ಟಿತು. ಕೊಡುವ ಮೊದಲು ಮೀಟರ್ ಹಿಡಿದು ಸ್ಪೀಕರ್ ಮೈನಸ್‌ಗೂ ಡೆಕ್ ಮೈಗೂ ನಡುವೆ ಅಳೆಯಿರಿ. 6-7 ವೋಲ್ಟ್ ತೋರಿಸಿದರೆ ಬ್ರಿಡ್ಜ್ ಅಂತ. ಆಗ ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹೈ-ಲೋ ಕನ್ವರ್ಟರ್ (ಸ್ಪೀಕರ್ ಮಟ್ಟದ ಸಿಗ್ನಲ್ ಇಳಿಸುವ ಡಬ್ಬಿ) ಹಾಕಿಯೇ, ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಆಡಿಯೋ ಇಂಟರ್‌ಫೇಸ್‌ಗೆ ಕೊಡಿ.

ರ‍್ಯಾಕ್‌ಗೆ (ಸ್ಟುಡಿಯೋ ಸಾಮಾನು ಜೋಡಿಸುವ ಚೌಕಟ್ಟು) ಕೂರಿಸುವವರು 2 ಯೂನಿಟ್ ಜಾಗ ಬಿಡಿ. ಡೆಕ್‌ನ ಎತ್ತರ 50 ಮಿಲಿಮೀಟರ್, ಒಂದು ಯೂನಿಟ್ 44.45 ಮಾತ್ರ.

ಡೆಕ್‌ಗೆ ಈಗ ಬೇರೆ ಕೆಲಸಗಳೂ ಸಿಕ್ಕಿವೆ. ಪ್ಲೈವುಡ್ ಡಬ್ಬಿಯಲ್ಲಿ ಹಳೇ 4 ಓಮ್ ಕಾರ್ ಸ್ಪೀಕರ್ ಕೂರಿಸಿ ಭಜನೆ ಮಿಕ್ಸ್‌ಗಳನ್ನು ಅದರಲ್ಲೂ ಕೇಳುತ್ತೇನೆ. ಆ ಹಾಡುಗಳು ಕೊನೆಗೆ ಓಡುವುದು ಟೆಂಪೋದಲ್ಲಿ, ಆಟೋದಲ್ಲಿ. ಇನ್ನು ಹೊರಗಿನ ಸದ್ದನ್ನು ಡೆಕ್‌ಗೆ ಕೊಡುವ, ಕ್ಯಾಸೆಟ್ ಆಕಾರದ ವೈರ್ ಇರುವ ಅಡಾಪ್ಟರ್ ತೂರಿಸಿ ಗಾಯಕಿಯ ದನಿಯನ್ನು ಡೆಕ್ ಮೂಲಕ ಹಾಯಿಸಿ ಮತ್ತೆ ರೆಕಾರ್ಡ್ ಮಾಡಿದರೆ ಅಂಚುಗಳು ಮೆತ್ತಗಾಗುತ್ತವೆ. ಸೋಬಾನೆ ಪದಕ್ಕೆ ನನಗೆ ಅದು ತುಂಬಾ ಇಷ್ಟ.

ಟ್ರಾನ್ಸ್‌ಫಾರ್ಮರ್, ಎರಡನೇ ಸಲ ಸುತ್ತಿಸಿದ್ದು, ರೆಗ್ಯುಲೇಟರ್, ಹೀಟ್‌ಸಿಂಕ್, ಡಬ್ಬಿ, ಎಲ್ಲ ಸೇರಿ ನನಗೆ 2400 ಆಯಿತು. ಮೊದಲೇ 18 ಹೇಳಿದ್ದರೆ 1900ಕ್ಕೆ ಮುಗಿಯುತ್ತಿತ್ತು. ಬರೀ ಸ್ಪೀಕರ್‌ನಲ್ಲಿ ಮಿಕ್ಸ್ ಕೇಳುವುದಕ್ಕೆ, ಕ್ಯಾಸೆಟ್ ಹಾಕುವುದೇ ಇಲ್ಲ ಅನ್ನುವವರಿಗೆ ಆ 650ರ ಎಸ್‌ಎಂಪಿಎಸ್ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ. ಹಳ್ಳಿಗೆ ಹೋಗಿ ಜಾತ್ರೆಯಲ್ಲಿ, ದೇವಸ್ಥಾನದಲ್ಲಿ ಕೂತು ಕೆಲಸ ಮಾಡುವವರಾದರೆ ಬ್ಯಾಟರಿ ತೆಗೆದುಕೊಳ್ಳಿ. ನನ್ನ ಹಾಗೆ ಒಂದೇ ರೂಮಿನಲ್ಲಿ ರಾತ್ರಿ ಕೂತು ಜನರ ಕ್ಯಾಸೆಟ್ ಇಳಿಸುವವರು ವೈಂಡಿಂಗ್ ಅಂಗಡಿಗೆ ಹೋಗಿ. ಹೋಗುವ ಮೊದಲು ಸಂಜೆ ಏಳಕ್ಕೆ ಮನೆ ಲೈನಿನ ವೋಲ್ಟೇಜ್ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ.